ಕಾಜಾಣದ ಕೊಂಬೆಯ ಕೆಳಗೆ

ಆಲದ ಮರದ ಮುಖಂಡತನಕ್ಕೆ ಹದ್ದು ಸ್ಪರ್ಧಿಸಿತ್ತು. ಅದರ ಎದುರು ನಿಲ್ಲಲು ಉಳಿದ ಹಕ್ಕಿಗಳು ತಮ್ಮೊಳಗೇ ಒಬ್ಬರನ್ನು ಆರಿಸಬೇಕಿತ್ತು. ಮೆಚ್ಚಿದವರ ಕೊಂಬೆಯ ಕೆಳಗೆ ಒಂದು ಗರಿ ಹಾಕುವುದು ಅವುಗಳ ಪದ್ಧತಿ. ಹದ್ದನ್ನು ಎಷ್ಟೋ ಸಲ ಅಟ್ಟಿಸಿಕೊಂಡು ಹೋಗಿದ್ದ ಪುಟ್ಟ ಕಾಜಾಣ ಮತ್ತು ನೋಡಲು ಚೆಂದದ ನವಿಲು ಕಣದಲ್ಲಿದ್ದವು.

ದಿನಾ ಬೆಳಗ್ಗೆ ಮರಕ್ಕೆಲ್ಲ ಸುದ್ದಿ ಹೇಳುವ ಮೈನಾ ಅಂದು ಸಾರಿತು: "ಕಾಜಾಣ ಯೋಗ್ಯನೇ. ಆದರೆ ಅವನಿಗೆ ಯಾರೂ ಗರಿ ಹಾಕುವುದಿಲ್ಲ. ನಿಮ್ಮ ಗರಿ ದಂಡ ಮಾಡಿಕೊಳ್ಳಬೇಡಿ. ನಮ್ಮ ಬೆಂಬಲ ನವಿಲಿಗೆ."

ಸಂಜೆ ನೋಡಿದರೆ ನವಿಲಿನ ಕೊಂಬೆಯ ಕೆಳಗೆ ಗರಿಗಳ ರಾಶಿ. ಕಾಜಾಣದ ಕೊಂಬೆಯ ಕೆಳಗೆ ಒಂದೂ ಇಲ್ಲ. ಅಷ್ಟರಲ್ಲಿ ಹದ್ದಿನ ನೆರಳು ಮರದ ಮೇಲೆ ಹಾಯಿತು. ಗೆದ್ದ ನವಿಲು ಎಲ್ಲರಿಗಿಂತ ಮೊದಲು ಪೊದೆಗೆ ನುಗ್ಗಿತು.

"ನನ್ನ ಮನಸ್ಸು ಕಾಜಾಣದ ಕಡೆಗೇ ಇತ್ತು," ಎಂದಿತು ಗುಬ್ಬಿ.

"ನನ್ನದೂ," ಎಂದಿತು ಪಾರಿವಾಳ. ಉಳಿದವೂ ಅದನ್ನೇ ಹೇಳಿದವು.

"ನೀವು ಯಾರೂ ಹಾಕುವುದಿಲ್ಲ ಅಂದುಕೊಂಡೆ," ಎಂದು ಮೈನಾ ಗೊಣಗಿತು.

ಮುದಿ ಗೂಬೆಗೆ ರೇಗಿತು. "ಇವರ ಮಾತು ಬಿಡು ಕಾಜಾಣ, ನಿನ್ನ ಗರಿಯಾದರೂ ನಿನ್ನ ಕೊಂಬೆಯ ಕೆಳಗೆ ಇರಬೇಕಿತ್ತಲ್ಲ?"

ಕಾಜಾಣ ತಲೆ ತಗ್ಗಿಸಿತು. "ನವಿಲಿಗೇ ಹಾಕಿದೆ, ಅಜ್ಜ. ನಾನು ಗೆಲ್ಲುವುದಿಲ್ಲ ಎಂದು ಬೆಳಗ್ಗೆಯೇ ಕೇಳಿದ್ದೆನಲ್ಲ."