ಗುಡುಗಪ್ಪ ತಟ್ಟಿದ ವಾಡೆ

ಲೋಕ ಆಗಷ್ಟೇ ಹುಟ್ಟಿ, ಬೆಟ್ಟಗಳ ಮೈ ಇನ್ನೂ ಹಸಿಯಾಗಿದ್ದ ಕಾಲ. ಆಗ ಬೇಸಿಗೆ ಬಂತೆಂದರೆ ಬೆಟ್ಟದ ಮೇಲೆ ದಿನಾ ಗುಡುಗು, ದಿನಾ ಮಳೆ. ಬಿಸಿಲವ್ವ ಕೆಳಗಿನ ಬಯಲಲ್ಲೇ ಇದ್ದುಬಿಡುತ್ತಿದ್ದಳು. ಮೇಲೆ ಹತ್ತಿ ಬಂದರೆ ಜನ "ಅಯ್ಯೋ, ಸುಡ್ತಾಳೆ" ಎಂದು ಬೈಯುತ್ತಿದ್ದರು. ಬೈಸಿಕೊಳ್ಳೋಕೆ ಯಾರು ತಾನೇ ಬೆಟ್ಟ ಹತ್ತುತ್ತಾರೆ?

ಆ ಬೆಟ್ಟದಲ್ಲಿ ದುಂಡಮ್ಮ ಎಂಬ ಕುಂಬಾರಗಿತ್ತಿ ಇದ್ದಳು. ಅವಳ ಕೈಗೆ ಮಣ್ಣು ಸಿಕ್ಕರೆ ಮಡಕೆ, ಬಾಯಿಗೆ ಯಾರಾದರೂ ಸಿಕ್ಕರೆ ಚಟ್ನಿ.

ಆ ವರ್ಷ ಊರಿನ ಅರ್ಧ ರಾಗಿ ತೇವಕ್ಕೆ ಮೊಳೆತು ಹಾಳಾಗಿತ್ತು. ಮಳೆಗಾಲದ ಊಟಕ್ಕೂ ಬಿತ್ತನೆಗೂ ಮಿಕ್ಕಿದ್ದೇ ಗತಿ. ಅದನ್ನು ಉಳಿಸಬೇಕಾದರೆ ದೊಡ್ಡ ಮಳೆ ಹಿಡಿಯುವುದರೊಳಗೆ ಕಾಳು ತುಂಬಿಡಲು ವಾಡೆಗಳು ಬೇಕು. ವಾಡೆ ಎಂದರೆ ಆಳೆತ್ತರದ ಮಣ್ಣಿನ ಗುಡಾಣ. ದುಂಡಮ್ಮ ಸೆರಗು ಸಿಕ್ಕಿಸಿ ಕೂತಳು. ಸಾಲು ವಾಡೆಗಳು ಎದ್ದು ನಿಂತವು.

ಬೆಟ್ಟದವರು ಮಡಕೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ. ಠಣ್ ಎಂದರೆ ಒಳ್ಳೆಯದು. ಇದನ್ನು ಗುಡುಗಪ್ಪ ಮೇಲಿನಿಂದ ನೋಡಿದ್ದ. ಸದ್ದಿನ ವಿಷಯದಲ್ಲಿ ತನ್ನನ್ನು ಬಿಟ್ಟರೆ ಇಲ್ಲ ಎಂಬ ಜಂಬ ಬೇರೆ. ಒಂದು ಮಧ್ಯಾಹ್ನ ಮಳೆಯ ಜೊತೆ ಅಂಗಳಕ್ಕೇ ಇಳಿದು, ಹಸಿ ವಾಡೆಗಳನ್ನು ಸಾಲಾಗಿ ತಟ್ಟಿದ.

ಠಣ್ ಎಲ್ಲಿಂದ ಬರಬೇಕು? ಧಸಕ್, ಧಸಕ್, ಧಸಕ್. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸಾಲು ವಾಡೆಗಳೆಲ್ಲ ಕುಸಿದು ಮಣ್ಣಿನ ಮುದ್ದೆಯಾದವು. ಆದರೂ ಅಳುತ್ತಾ ಕೂರುವ ಜಾಯಮಾನ ದುಂಡಮ್ಮನದಲ್ಲ. ಸೊಂಟಕ್ಕೆ ಕೈಯಿಟ್ಟು ಆಕಾಶ ನೋಡಿದಳು.

"ಸದ್ದು ನೋಡೋಣ ಅಂತ ತಟ್ಟಿದೆ ಕಣಕ್ಕಾ," ಎಂದ ಗುಡುಗಪ್ಪ, ತೀರಾ ಸಣ್ಣ ದನಿಯಲ್ಲಿ.

"ಹಸಿ ಮಣ್ಣು ಹಾಡುತ್ತೇನಪ್ಪಾ? ಅದು ಒಣಗಬೇಕು, ಮಡಕೆ ಸುಡೋ ಆವಿಗೆ ಬೆಂಕೀಲಿ ಬೇಯಬೇಕು. ನೀನು ದಿನಾ ಬಂದು ನೆನೆಸಿದ್ರೆ ಒಣಗೋದು ಯಾವಾಗ? ಬೆಟ್ಟದ ಆಚೆಗೆ ಹೋಗಿ ಕೂತ್ಕೋ. ವಾಡೆ ಬೆಂದ ದಿನ ನಾನೇ ಕರೀತೀನಿ. ಮೊದಲು ತಟ್ಟೋದು ನೀನೇ."

"ನೀನು ಮರೆತುಬಿಟ್ರೆ?"

"ಅಲ್ಲಿಂದಲೇ ಕೂಗಿ ಕೇಳು."

ಅವನನ್ನು ಕಳಿಸಿ ದುಂಡಮ್ಮ ಸರಸರನೆ ಬೆಟ್ಟ ಇಳಿದು ಬಿಸಿಲವ್ವನ ಬಳಿ ಹೋದಳು.

"ನಾನು ಬರಲ್ಲ. ನಿಮ್ಮ ಜನ ಬೈತಾರೆ," ಎಂದಳು ಬಿಸಿಲವ್ವ.

"ಬೈಯೋರು ಬೈಲಿ ತಾಯಿ. ನನ್ನ ಅಂಗಳಕ್ಕೆ ಬಾ. ನಾನು ಒಂದು ಮಾತೂ ಅನ್ನಲ್ಲ."

ಹೀಗೆ ಕರೆದವರೇ ಇರಲಿಲ್ಲ ನೋಡಿ, ಬಿಸಿಲವ್ವ ಹಿಗ್ಗಿ ಹೀರೇಕಾಯಿಯಾಗಿ ಬಂದಳು. ಬಂಡೆಯ ಮೇಲೆ ಕಾಲಿಡುವಂತಿರಲಿಲ್ಲ. ಕೋತಿಗಳು ನೆರಳು ಬಿಟ್ಟು ಕದಲಲಿಲ್ಲ. ಜನ ಬೈದೇ ಬೈದರು. ದುಂಡಮ್ಮ ಮಾತ್ರ ಬೆವರು ಒರೆಸಿಕೊಳ್ಳುತ್ತಾ ಹೊಸ ವಾಡೆಗಳನ್ನು ಕಟ್ಟಿದಳು. ಒಮ್ಮೆ "ಅಯ್ಯೋ, ಸು..." ಎಂದು ಬಾಯಿಗೆ ಬಂದೇಬಿಟ್ಟಿತು. ಅಲ್ಲಿಗೇ ನುಂಗಿಕೊಂಡು, "ಸುಖವಾಗಿದ್ದೀಯಾ ತಾಯಿ?" ಎಂದಳು.

ಸಂಜೆಯಾದರೆ ಬೆಟ್ಟದ ಆಚೆಯಿಂದ ಗುಡುಗುಡು ಸದ್ದು. "ಒಣಗಿತೇನಕ್ಕಾ?"

"ಇನ್ನೂ ಇಲ್ಲ ಕಣಪ್ಪಾ."

ಮರುದಿನ ಮತ್ತೆ, "ಒಣಗಿತೇನಕ್ಕಾ?"

"ಇನ್ನೂ ಇಲ್ಲ ಕಣಪ್ಪಾ."

ಕೊನೆಗೊಂದು ದಿನ ವಾಡೆಗಳು ಒಣಗಿದವು, ಆವಿಗೆಯಲ್ಲಿ ಕೆಂಪಗೆ ಬೆಂದವು. ಊರವರು ಅವನ್ನು ಮನೆಗೆ ಹೊತ್ತು ರಾಗಿ ತುಂಬಿದರು, ವಾಡೆಯ ಬಾಯಿಗೆ ಸಗಣಿ ಮೆತ್ತಿ ಮುಚ್ಚಿದರು. ಕಾಳು ತುಂಬಿದ ವಾಡೆ ಹಾಡುವುದಿಲ್ಲ. ಅದಕ್ಕೇ ದುಂಡಮ್ಮ ಒಂದನ್ನು ಅಂಗಳದಲ್ಲಿ ಖಾಲಿ ಉಳಿಸಿದ್ದಳು. ಕೊಟ್ಟ ಮಾತು ಕೊಟ್ಟ ಮಾತೇ.

"ಬಾರಪ್ಪಾ, ಒಣಗಿತು," ಎಂದು ಕೂಗಿದಳು.

ಇದ್ದಬದ್ದ ಮೋಡಗಳನ್ನೆಲ್ಲ ಎಳೆದುಕೊಂಡು ಗುಡುಗಪ್ಪ ಓಡೋಡಿ ಬಂದ. ಈ ಸಲ ಒಂದೇ ಬೆರಳಿನಿಂದ, ಮೆಲ್ಲಗೆ ತಟ್ಟಿದ. ಠಣ್ ಎಂದಿತು ವಾಡೆ. ಆ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಹೋಯಿತು. ಅದರ ಬೆನ್ನಿಗೇ ಮಳೆಗಾಲ ಸುರಿಯಿತು. ಒಂದು ಕಾಳೂ ನೆನೆಯಲಿಲ್ಲ. ಬಿಸಿಲವ್ವನನ್ನು ಬೈದ ಬಾಯಿಗಳೇ ಆ ಮಳೆಗಾಲವಿಡೀ ಮುದ್ದೆ ಉಂಡವು.

ಅಂದಿನಿಂದ ಬೆಟ್ಟದ ನಾಡಿನಲ್ಲಿ ಬೇಸಿಗೆಯ ಗುಡುಗು ಮಳೆ ಹಿಂದೆ ಸರಿದು ಬಿಸಿಲವ್ವನಿಗೆ ಜಾಗ ಬಿಡುತ್ತದೆ. ಬಂಡೆ ಸುಡುವ ಆ ದಿನಗಳಲ್ಲಿ, ಒಂದು ಹನಿಯೂ ಬೀಳದೆ ಬೆಟ್ಟದ ಆಚೆ ಬರೀ ಗುಡುಗುಡು ಕೇಳಿದರೆ ಹೆದರಬೇಡಿ ಮಕ್ಕಳೇ, ಗುಡುಗಪ್ಪ ಒಣಗಿತೇನಕ್ಕಾ ಎಂದು ಕೇಳುತ್ತಿದ್ದಾನೆ, ಅಷ್ಟೇ.