ನೊರೆಯ ಅಂಟು

ಕಲ್ಯಾಣ ಮಂಟಪದ ಕೆಂಪು ರತ್ನಗಂಬಳಿಯನ್ನು ತೊಳೆಯಲು ಎರಡು ಕ್ಯಾನ್‌ಗಳು ಬಂದವು. ಒಂದರಲ್ಲಿ ಸೋಪಿನ ದ್ರಾವಣ, ಇನ್ನೊಂದರಲ್ಲಿ ಸೋಪಿಲ್ಲದ ದ್ರಾವಣ.

"ನೀನೇನು ಮಾಡುತ್ತೀಯ?" ಎಂದು ಗಂಬಳಿ ಸೋಪಿಲ್ಲದ್ದನ್ನು ಕೇಳಿತು.

"ಕೊಳೆಯನ್ನು ಕರೆದುಕೊಂಡು ಹೊರಟುಹೋಗುತ್ತೇನೆ."

"ನೊರೆ?"

"ಬರುವುದಿಲ್ಲ."

"ನೊರೆ ಬರದೆ ಕೊಳೆ ಹೋಯಿತೆಂದರೆ ಯಾರು ನಂಬುತ್ತಾರೆ? ನಿನಗೆ ಯಾರ ಅಂಟೂ ಬೇಡ, ನಂಟೂ ಬೇಡ," ಎಂದು ಗಂಬಳಿ ಮುಖ ತಿರುಗಿಸಿತು.

ಸೋಪಿನ ದ್ರಾವಣ ಬುಸುಬುಸು ನೊರೆಯೆದ್ದು, "ನನಗೆ ಅಂಟು ಜಾಸ್ತಿ. ಎಷ್ಟು ಹಿಂಡಿದರೂ ನಿನ್ನನ್ನು ಪೂರ್ತಿ ಬಿಟ್ಟುಹೋಗುವುದಿಲ್ಲ," ಎಂದಿತು. ಗಂಬಳಿ ಅದನ್ನೇ ಆರಿಸಿಕೊಂಡಿತು.

ಮರುದಿನ ಗಂಬಳಿ ಹೊಳೆಯಿತು. ಆದರೆ ಎಳೆಗಳ ಬುಡದಲ್ಲಿ ಉಳಿದ ಸೋಪು, ತುಳಿದು ಹೋದವರ ಕಾಲಿನ ಧೂಳನ್ನೆಲ್ಲ ಹಿಡಿದಿಟ್ಟುಕೊಂಡಿತು. ಎರಡು ಮದುವೆ ಮುಗಿಯುವಷ್ಟರಲ್ಲಿ ಕೆಂಪು ಕಪ್ಪಾಯಿತು. ಮತ್ತೆ ಅದೇ ಸೋಪಿನಿಂದ ತೊಳೆದರು. ಇನ್ನೂ ಬೇಗ ಕಪ್ಪಾಯಿತು.

ಕೊನೆಗೆ ಮಂಟಪದ ಮೇಲ್ವಿಚಾರಕಿ ಸುಗಂಧಮ್ಮ, "ಎಷ್ಟು ತೊಳೆದರೂ ಇದರ ಹಣೆಬರಹ ಇಷ್ಟೇ. ಕತ್ತರಿಸಿ ಬಚ್ಚಲ ಬಾಗಿಲಿಗೆ ಹಾಕ್ರಪ್ಪ," ಎಂದರು.

ಕತ್ತರಿ ಆಡುವಾಗ ಗಂಬಳಿ, "ಇನ್ನಾದರೂ ನನ್ನನ್ನು ಬಿಡು," ಎಂದು ಬೇಡಿತು.

"ಹೇಗೆ ಬಿಡಲಿ?" ಎಂದಿತು ಒಳಗಿನ ಸೋಪು. "ಬಿಟ್ಟುಹೋಗುವವನನ್ನು ಬೇಡವೆಂದದ್ದು ನೀನೇ ಅಲ್ಲವೇ?"