ಆನೆವೈದ್ಯನೂ ಮಾವುತನೂ

ಶಿಷ್ಯ ಶಂಭುಲಿಂಗ ಗುರುಗಳನ್ನು ಕೇಳಿದ: "ವರ್ಷವಿಡೀ ಮಠದಲ್ಲೇ ಇದ್ದು ಪಾಠ ಹೇಳುವವರು ನಾವು. ಆದರೂ ಪಾಠಶಾಲೆಯನ್ನು ಸರಿಪಡಿಸಲು ತಾವು ಹೊರಗಿನ ಪಂಡಿತರನ್ನು ಕರೆಸಿದಿರಿ. ಅವರು ನಾಲ್ಕು ದಿನ ಇದ್ದು ಹೋಗುವವರು. ನಮ್ಮಲ್ಲಿ ಇಲ್ಲದ್ದು ಅವರಲ್ಲಿ ಏನಿದೆ?"

ಗುರುಗಳು ಈ ಕತೆ ಹೇಳಿದರು.

ಮರದ ವ್ಯಾಪಾರಿಯೊಬ್ಬನ ಬಳಿ ಒಂದು ಆನೆಯಿತ್ತು. ಅದು ಮರಿಯಾಗಿದ್ದಾಗಿನಿಂದ ಒಬ್ಬನೇ ಮಾವುತ ಅದನ್ನು ಸಾಕಿದ್ದ. ಒಮ್ಮೆ ಆನೆ ಮೇವು ಬಿಟ್ಟಿತು. ಹೊಟ್ಟೆಯ ತೊಂದರೆ ಇರಬೇಕೆಂದು ಮಾವುತ ತನಗೆ ತಿಳಿದ ಮದ್ದನ್ನೆಲ್ಲ ಕೊಟ್ಟ. ಆನೆ ಸೊರಗುತ್ತಲೇ ಹೋಯಿತು. ಕೊನೆಗೆ ವ್ಯಾಪಾರಿ ದೂರದ ಊರಿನಿಂದ ಆನೆವೈದ್ಯನೊಬ್ಬನನ್ನು ಕರೆಸಿದ. ಮಾವುತನ ಮನಸ್ಸಿಗೆ ನೋವಾಯಿತು. ಆದರೂ ಆನೆಯನ್ನು ಬಯಲಿಗೆ ತಂದು ನಿಲ್ಲಿಸಿದ.

ವೈದ್ಯ ಆನೆಯನ್ನು ಮುಟ್ಟಲಿಲ್ಲ. ದೂರ ನಿಂತು, ಅದನ್ನು ಆಚೀಚೆ ನಡೆಸಲು ಹೇಳಿದ. ಸ್ವಲ್ಪ ಹೊತ್ತು ನೋಡಿ, "ಮುಂದಿನ ಬಲಗಾಲನ್ನು ಪೂರ್ತಿ ಊರುತ್ತಿಲ್ಲ. ಪಾದದೊಳಗೆ ಕೀವು ತುಂಬಿದೆ" ಎಂದ.

ಮಾವುತ ತಲೆ ತಗ್ಗಿಸಿದ. "ದಿನವೂ ಜೊತೆಗಿದ್ದೆ. ನನಗೆ ಕಾಣಲಿಲ್ಲ."

"ಜೊತೆಗಿದ್ದದ್ದರಿಂದಲೇ ಕಾಣಲಿಲ್ಲ. ಇದು ಮೆಲ್ಲಮೆಲ್ಲಗೆ ಬಂದದ್ದು. ನಾನು ಹೊಸಬ, ಅದಕ್ಕೇ ಕಂಡಿತು" ಎಂದ ವೈದ್ಯ. "ಈಗ ಪಾದವನ್ನು ಕೊಯ್ಯಬೇಕು. ಆನೆ ನನ್ನನ್ನು ಹತ್ತಿರ ಬಿಡುವುದಿಲ್ಲ. ನೀನು ಅದರ ಬಳಿ ನಿಲ್ಲುತ್ತೀಯಾ?"

ಮಾವುತ ಆನೆಯ ಕಿವಿಯ ಹತ್ತಿರ ನಿಂತು ಮೆತ್ತಗೆ ಮಾತಾಡಿಸುತ್ತಲೇ ಇದ್ದ. ವೈದ್ಯ ಕೊಯ್ದು ಕೀವನ್ನೆಲ್ಲ ಹೊರಗೆ ತೆಗೆದ. ನೋವಿಗೆ ಆನೆಯ ಮೈಯೆಲ್ಲ ನಡುಗಿತು. ಆದರೆ ಅದು ಕಾಲನ್ನು ಎಳೆದುಕೊಳ್ಳಲಿಲ್ಲ.

ವ್ಯಾಪಾರಿಗೆ ಸಂತೋಷವಾಯಿತು. ತನ್ನಲ್ಲೇ ಉಳಿದುಬಿಡುವಂತೆ ವೈದ್ಯನನ್ನು ಬೇಡಿಕೊಂಡ. ವೈದ್ಯ ಒಪ್ಪಲಿಲ್ಲ. "ಇಲ್ಲೇ ಉಳಿದರೆ ನನ್ನ ಕಣ್ಣೂ ಇದಕ್ಕೆ ಒಗ್ಗಿಹೋಗುತ್ತದೆ. ಇನ್ನು ಗಾಯ ಮಾಯಬೇಕು. ಅದಕ್ಕೆ ದಿನವೂ ಮುಟ್ಟುವ ಕೈ ಬೇಕು. ಆ ಕೈ ಮಾವುತನದು" ಎಂದ. ಮದ್ದು ಅರೆಯುವ ಬಗೆಯನ್ನು ಮಾವುತನಿಗೆ ಕಲಿಸಿ ಹೊರಟ. ಮಾವುತ ಅವನ ಗಂಟನ್ನು ತಾನೇ ಹೊತ್ತು, ಊರ ಗಡಿಯವರೆಗೆ ಹೋಗಿ ಕೈಮುಗಿದು ಬೀಳ್ಕೊಟ್ಟ. ಆಮೇಲೆ ದಿನವೂ ಗಾಯ ತೊಳೆದು ಮದ್ದು ಹಚ್ಚಿದ. ಮಳೆಗಾಲ ಕಳೆಯುವ ಹೊತ್ತಿಗೆ ಆನೆ ಮತ್ತೆ ಮರ ಎಳೆಯತೊಡಗಿತು.

ಶಂಭುಲಿಂಗ, "ಹಾಗಾದರೆ ಅವರಿಬ್ಬರಲ್ಲಿ ಆನೆಯನ್ನು ಉಳಿಸಿದವನು ಯಾರು?" ಎಂದು ಕೇಳಿದ.

"ಇಬ್ಬರೂ ಆನೆಯ ಕಾಲನ್ನೇ ನೋಡುತ್ತಿದ್ದರು, ಶಂಭುಲಿಂಗ, ಈ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ" ಎಂದರು ಗುರುಗಳು.